ಕೊನೆಗೌಡರ ಜಿಗಿತ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ನನಗೆ ಕತ್ತೆತ್ತಿ ನಿಲ್ಲುವುದೇ ಕೆಲಸ. ಮರ ಹತ್ತಲು ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ. ಐವತ್ತು ಅಡಿ ಎತ್ತರದಲ್ಲಿ, ಕೊನೆ ಕೊಯ್ಯುವ ಕೊನೆಗೌಡರು ಮರವನ್ನೇ ತೂಗಿ, ಬಾಗಿಸಿ, ಪಕ್ಕದ ಮರವನ್ನು ತಬ್ಬುತ್ತಾರೆ. ಕೊನೆ ಹಗ್ಗದ ಮೇಲೆ ಜಾರಿ ಕೆಳಗಿನವರ ಕೈ ಸೇರುತ್ತದೆ. ಎದೆ ತರಚಿದ್ದು ಗೊತ್ತಾಗುವುದು ಇಳಿದು ಕವಳ ಹಾಕುವಾಗಲೇ!

ಆ ನೋವನ್ನು ಮರೆಸಲು ಮೈಯೊಳಗೂ ಒಂದು ಕಸುಬು ನಡೆದಿರುತ್ತದೆ. ಅಪಾಯ ಕಂಡಾಗ ಮಿದುಳಿನ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಎರಡು ವಸ್ತು ಹೊರಡುತ್ತವೆ: ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅನ್ನು ಏರಿಸುವ ಎಸಿಟಿಎಚ್ ಮತ್ತು ಅಫೀಮಿನ ಗುಣದ ಬೀಟಾ-ಎಂಡಾರ್ಫಿನ್. ಎರಡೂ ಒಂದೇ ದೊಡ್ಡ ಪ್ರೋಟೀನಿನ ತುಂಡುಗಳು. ಅವು ಜೊತೆಯಾಗಿಯೇ ಹೊರಬೀಳುವುದನ್ನು 1977ರಲ್ಲಿ ವಿಜ್ಞಾನಿ ರೋಜರ್ ಗಿಲೆಮಿನ್ ಅವರ ತಂಡ ಇಲಿಗಳಲ್ಲಿ ತೋರಿಸಿತು. ರಕ್ತದ ಎಂಡಾರ್ಫಿನ್ ಮಿದುಳಿಗೆ ಸುಲಭವಾಗಿ ನುಗ್ಗದು. ಅಲ್ಲಿಗೆ ಬೇಕಾದ್ದನ್ನು ಹೈಪೊಥಲಾಮಸ್‌ನ ನರಕೋಶಗಳೇ ತಯಾರಿಸಿಕೊಂಡು ನೋವಿನ ಸುದ್ದಿಯನ್ನು ತಗ್ಗಿಸುತ್ತವೆ.

ಹಾಗಂತ ಜಿಗಿತದ ಹೆಚ್ಚುಗಾರಿಕೆಯನ್ನೆಲ್ಲ ರಸಾಯನಕ್ಕೆ ಕೊಡಲಾರೆ. ಯಾವ ಮರ ಎಷ್ಟು ಬಾಗೀತು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು ಹತ್ತಿದಾಗ ತಳೆ ಎಲ್ಲಿ ಜಾರೀತು ಎಂಬ ಲೆಕ್ಕವೆಲ್ಲ ಕೊನೆಗೌಡರದ್ದೇ.