ಪ್ರೇಕ್ಷಕರ ಅಭಿಪ್ರಾಯವೂ ಸಂಶಯದೋಷವೂ: ‘ಅಂಧಾಧುನ್’ ಚಲಚ್ಚಿತ್ರದ ವಿಮರ್ಶೆ

೧

ದೃಶ್ಯಕಾವ್ಯದ ಗುಣದೋಷನಿರ್ಣಯದಲ್ಲಿ ಪ್ರೇಕ್ಷಕರ ಅಭಿಪ್ರಾಯಕ್ಕೆ ಎಷ್ಟರಮಟ್ಟಿನ ಪ್ರಾಮಾಣ್ಯವುಂಟೆಂಬ ಪ್ರಶ್ನೆಯು ನಾಟ್ಯಶಾಸ್ತ್ರದಷ್ಟೇ ಹಳೆಯದು. ಬಹುಜನರು ಮೆಚ್ಚಿದುದೇ ಉತ್ತಮವೆಂಬುದು ಒಂದು ಪಕ್ಷ. ಬಹುಜನರ ಮೆಚ್ಚಿಕೆಯು ವಿದ್ವಾಂಸರ ಗಣನೆಗೆ ಬರತಕ್ಕುದಲ್ಲವೆಂಬುದು ಮತ್ತೊಂದು ಪಕ್ಷ. ಇವೆರಡೂ ವಿಚಾರಕ್ಕೆ ನಿಲ್ಲುವುವಲ್ಲವೆಂಬುದನ್ನು ಈಚಿನ ಒಂದು ಹಿಂದೀ ಚಲಚ್ಚಿತ್ರವನ್ನೂ, ಅದರ ವಿಷಯದಲ್ಲಿ ಹುಟ್ಟಿದ ವಾದವಿವಾದಗಳನ್ನೂ ಉದಾಹರಣೆಯಾಗಿಟ್ಟುಕೊಂಡು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶ್ರೀರಾಮ ರಾಘವನ್ ಅವರ ನಿರ್ದೇಶನದ ‘ಅಂಧಾಧುನ್’ ೨೦೧೮ನೆಯ ಇಸವಿ ಅಕ್ಟೋಬರ್ ೫ರಂದು ತೆರೆಗೆ ಬಂದಿತು. ೨೦೧೦ರ ಒಂದು ಫ್ರೆಂಚ್ ಕಿರುಚಿತ್ರವು ಇದಕ್ಕೆ ಬೀಜ. ೬೬ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಉತ್ತಮ ಹಿಂದೀ ಚಿತ್ರವೆಂಬ ಮನ್ನಣೆಯನ್ನೂ, ಅಳವಡಿಸಿದ ಚಿತ್ರಕಥೆಗಾಗಿ ಇನ್ನೊಂದನ್ನೂ ಇದು ಪಡೆಯಿತು. ನಾಯಕಪಾತ್ರದ ಆಯುಷ್ಮಾನ್ ಖುರಾನಾ ಅವರಿಗೆ ಉತ್ತಮ ನಟಪ್ರಶಸ್ತಿಯಲ್ಲಿ ಪಾಲು ದೊರೆಯಿತು. ೨೦೧೯ರಲ್ಲಿ ಚೀನಾದೇಶದಲ್ಲಿಯೂ ಇದನ್ನು ಜನ ಮುಗಿಬಿದ್ದು ನೋಡಿದರು. ೨೦೨೧ರಲ್ಲಿ ತೆಲುಗು ಮಲಯಾಳಗಳಲ್ಲಿಯೂ, ೨೦೨೪ರಲ್ಲಿ ತಮಿಳಿನಲ್ಲಿಯೂ ಇದರ ರೂಪಾಂತರಗಳು ಹೊರಟುವು. ಹೆಸರಿನಲ್ಲಿಯೇ ಶ್ಲೇಷವಿದೆ. ಮುಂದುಗಾಣದೆ ನುಗ್ಗುವುದೆಂಬ ಅರ್ಥದ ಹಿಂದೀ ಶಬ್ದವನ್ನು ಒಡೆದರೆ ‘ಅಂಧನ ರಾಗ’ವೆಂಬ ಇನ್ನೊಂದು ಅರ್ಥವು ತೋರುತ್ತದೆ.

ಕನ್ನಡಿಗರಿಗೆ ಇದರ ಚರ್ಚೆಯು ಅನ್ಯರ ಮನೆಯ ಮಾತಲ್ಲ. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯ ವಳಕಮದಿನ್ನಿ ಮೊದಲಾದ ಗ್ರಾಮಗಳು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದುವು. ಉರ್ದು ಕಚೇರಿಯ ಭಾಷೆಯಾಗಿದ್ದ ಈ ನಾಡಿನಲ್ಲಿ ಹಿಂದೀ ಚಿತ್ರಗಳ ಸಂಭಾಷಣೆಯು ಪೂರ್ಣವಾಗಿ ಪರಕೀಯವಲ್ಲ. ಬಯಲಾಟವನ್ನು ಬೆಳಗಿನವರೆಗೆ ನೋಡಿ, ಪಾತ್ರಗಳ ನ್ಯಾಯಾನ್ಯಾಯಗಳನ್ನು ಕಟ್ಟೆಯ ಮೇಲೆ ಕುಳಿತು ತರ್ಕಿಸುವ ಅಭ್ಯಾಸವೂ ಈ ಸೀಮೆಗೆ ಹೊಸದಲ್ಲ. ಈಗಿನ ಪ್ರೇಕ್ಷಕನಿಗೆ ಒಂದು ವಿಶೇಷ ಸೌಕರ್ಯವುಂಟು: ಚಿತ್ರವನ್ನು ಬೇಕಾದೆಡೆ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದು. ಆದುದರಿಂದ ಅವನು ರಸಿಕನಾಗಿರುವುದರ ಜೊತೆಗೆ ಪತ್ತೇದಾರನೂ ಆಗಿದ್ದಾನೆ.

೨

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳತಕ್ಕುದು ಅವಶ್ಯ. ಪುಣೆಯಲ್ಲಿ ಆಕಾಶನೆಂಬ ಪಿಯಾನೋವಾದಕನು, ದೃಷ್ಟಿಯಿಲ್ಲದಿದ್ದರೆ ಶ್ರುತಿಯು ಸೂಕ್ಷ್ಮವಾಗುವುದೆಂಬ ಭಾವನೆಯಿಂದ ಕುರುಡನಂತೆ ನಟಿಸುತ್ತಿದ್ದಾನೆ. ಹಳೆಯ ಚಿತ್ರನಟನೊಬ್ಬನ ಮನೆಗೆ ವಾದನಕ್ಕೆಂದು ಹೋದಾಗ, ಆ ನಟನು ಕೊಲೆಯಾಗಿ ಬಿದ್ದಿರುವುದನ್ನೂ, ಪತ್ನಿ ಸಿಮಿಯೂ ಅವಳ ಜಾರನೂ ಹೆಣವನ್ನು ಸಾಗಿಸುವುದನ್ನೂ ಕಾಣುತ್ತಾನೆ. ಕಂಡೂ ಕಾಣದವನಂತೆ ಬಾರಿಸುತ್ತಲೇ ಇರುತ್ತಾನೆ. ದೂರು ಕೊಡಲು ಹೋದರೆ ಆ ಜಾರನೇ ಪೋಲೀಸ್ ಅಧಿಕಾರಿ. ಇವನಿಗೆ ಕಣ್ಣು ಕಾಣುವುದೆಂದು ತಿಳಿದ ಸಿಮಿಯು ವಿಷಪ್ರಯೋಗದಿಂದ ಇವನನ್ನು ನಿಜವಾಗಿಯೇ ಕುರುಡನನ್ನಾಗಿ ಮಾಡುತ್ತಾಳೆ. ಅಲ್ಲಿಂದ ಮುಂದೆ ಮನುಷ್ಯರ ಅವಯವಗಳನ್ನು ಮಾರುವ ವೈದ್ಯನೊಬ್ಬನ ಪ್ರವೇಶ, ಸಿಮಿಯ ಬಂಧನ, ಅವಳ ಕಣ್ಣುಗಳನ್ನು ಆಕಾಶನಿಗೆ ಕೊಡಿಸುವ ಸಂಚು. ಕಡೆಗೆ ಬಿಡಿಸಿಕೊಂಡ ಸಿಮಿಯು ಆಕಾಶನ ಮೇಲೆ ಮೋಟಾರನ್ನು ಹರಿಸಲು ಬರುತ್ತಿರಲಾಗಿ, ಬೇಟೆಗಾರನ ಗುಂಡಿಗೆ ಬೆದರಿದ ಒಕ್ಕಣ್ಣಿನ ಮೊಲವೊಂದು ಗಾಜಿಗೆ ಬಡಿದು, ಗಾಡಿಯು ಉರುಳಿ ಅವಳು ಸಾಯುತ್ತಾಳೆ.

ಈ ಉತ್ತರಭಾಗವನ್ನು ಎರಡು ವರ್ಷಗಳ ಅನಂತರ ಯೂರೋಪಿನಲ್ಲಿ ತನ್ನ ಹಳೆಯ ಗೆಳತಿ ಸೋಫಿಗೆ ಆಕಾಶನೇ ಹೇಳುತ್ತಾನೆ. ಆ ಕಣ್ಣುಗಳನ್ನು ನೀನು ಪಡೆಯಬೇಕಾಗಿತ್ತೆಂದು ಅವಳು ಮರುಗುತ್ತಾಳೆ. ಅವನು ಮೊಲದ ತಲೆಯ ಹಿಡಿಯುಳ್ಳ ಕೋಲನ್ನು ಊರಿಕೊಂಡು ಹೊರಟು, ದಾರಿಯಲ್ಲಿ ಬಿದ್ದಿದ್ದ ತಗಡಿನ ಡಬ್ಬಿಯೊಂದನ್ನು ಕೋಲಿನಿಂದ ಗುರಿಯಿಟ್ಟು ಹೊಡೆಯುತ್ತಾನೆ. ಅಲ್ಲಿಗೆ ಚಿತ್ರವು ಮುಗಿಯುತ್ತದೆ.

ವಿವಾದವೆಲ್ಲವೂ ಈ ಡಬ್ಬಿಯ ಸುತ್ತ. ಆಕಾಶನು ವೈದ್ಯನೊಡನೆ ಕೂಡಿಕೊಂಡು ಸಿಮಿಯ ಕಣ್ಣುಗಳನ್ನು ಪಡೆದನು, ಮೊಲದ ಕಥೆಯು ಕೋಲಿನ ಹಿಡಿಯನ್ನು ನೋಡಿ ಕಟ್ಟಿದ ಕಟ್ಟುಕಥೆ ಎಂಬುವರು ಕೆಲವರು. ಮೊಲವೂ ಬೇಟೆಗಾರನೂ ಚಿತ್ರದ ಆರಂಭದಲ್ಲಿಯೇ ಕಾಣಿಸಿಕೊಂಡಿರುವುದರಿಂದ ಅದು ಸತ್ಯವೇ ಎಂಬುವರು ಹಲವರು. ಆ ಆರಂಭವೂ ಆಕಾಶನ ಕಥನದ ಅಂಗವೇ ಎಂಬುದು ಮೊದಲನೆಯವರ ಪ್ರತ್ಯುತ್ತರ. ಅವನು ಕುರುಡನಾದುದೇ ಸುಳ್ಳೆಂಬ ಮೂರನೆಯ ಮತವೂ ಉಂಟು. ಇಷ್ಟನ್ನೂ ತೆರೆದಿಟ್ಟು ಹೇಳದೆ ಕೈಬಿಟ್ಟುದು ಕರ್ತೃವಿನ ಲೋಪವೆಂಬುದು ಬೇಸತ್ತವರ ನಾಲ್ಕನೆಯ ಮತ.

೩

ಭರತನು ನಾಟ್ಯಶಾಸ್ತ್ರದ ಸಿದ್ಧಿವ್ಯಂಜಕಾಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಭಾಗಿಸುತ್ತಾನೆ. ಮುಗುಳುನಗೆ, ಅಟ್ಟಹಾಸ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು, ರೋಮಾಂಚ, ಆಸನದಿಂದೇಳುವುದು ಮೊದಲಾದುವು ಮಾನುಷಸಿದ್ಧಿಯ ಚಿಹ್ನೆಗಳು. ರಂಗವು ತುಂಬಿದ್ದೂ ಶಬ್ದವಿಲ್ಲದೆ ಕ್ಷೋಭೆಯಿಲ್ಲದೆ ಇರುವುದು ದೈವಿಕಸಿದ್ಧಿ. ಪ್ರೇಕ್ಷಕರ ರುಚಿಯು ವಯಸ್ಸು ಸ್ವಭಾವಗಳಿಗನುಸಾರವಾಗಿ ಭಿನ್ನವೆಂಬುದನ್ನೂ, ಬೇಕಾದ ಗುಣಗಳೆಲ್ಲವೂ ಒಬ್ಬ ಪ್ರೇಕ್ಷಕನಲ್ಲಿಯೇ ಇರಲಾರವೆಂಬುದನ್ನೂ ಅವನು ಒಪ್ಪುತ್ತಾನೆ. ಆದುದರಿಂದಲೇ ವಿವಾದವುಂಟಾದಾಗ ತೀರ್ಮಾನಿಸಲು ಹತ್ತು ಮಂದಿ ಪ್ರಾಶ್ನಿಕರನ್ನು ಹೇಳಿದ್ದಾನೆ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಧನುರ್ಧರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಇವರಲ್ಲಿ ಒಬ್ಬೊಬ್ಬರಿಗೂ ತಮ್ಮ ತಮ್ಮ ವಿಷಯದಲ್ಲಿ ಮಾತ್ರ ಅಧಿಕಾರ. ಬಿಲ್ಲುಗಾರನು ಬಾಣಪ್ರಯೋಗದ ಔಚಿತ್ಯವನ್ನು ಹೇಳತಕ್ಕವನೇ ಹೊರತು ವ್ಯಾಕರಣವನ್ನಲ್ಲ.

ಅಭಿಪ್ರಾಯಗಳನ್ನು ಎಣಿಸುವುದಲ್ಲ, ಅವುಗಳ ಅಧಿಕಾರವನ್ನು ಪರೀಕ್ಷಿಸುವುದೇ ವಿಮರ್ಶಕನ ಕೆಲಸವೆಂಬುದು ಇದರ ತಾತ್ಪರ್ಯ. ಈ ಕ್ರಮವನ್ನು ಅನುಸರಿಸಿದರೆ ‘ಅಂಧಾಧುನ್’ ಕುರಿತ ಅನೇಕ ಅಭಿಪ್ರಾಯಗಳು ತಮ್ಮ ತಮ್ಮ ಸ್ಥಾನದಲ್ಲಿ ಸಾಧುವಾಗಿಯೇ ಕಾಣುತ್ತವೆ. ಪಿಯಾನೋವಿನ ಮೇಲೆ ಬೆರಳುಗಳು ಆಡುವ ಕ್ರಮವನ್ನು ವಾದಕನು ಹೇಳಬಲ್ಲನು. ಕಣ್ಣಿನ ಚಿಕಿತ್ಸೆಯ ಸಾಧ್ಯಾಸಾಧ್ಯತೆಯನ್ನು ವೈದ್ಯನು ಹೇಳಬಲ್ಲನು. ಹೆಣವನ್ನು ಸಾಗಿಸುವ ದೃಶ್ಯದಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದೆವೆಂದು ಸಾಮಾನ್ಯ ಪ್ರೇಕ್ಷಕರು ಹೇಳುವ ಮಾತನ್ನು ಅಲ್ಲಗಳೆಯಲು ಯಾವ ಪಂಡಿತನಿಗೂ ಅಧಿಕಾರವಿಲ್ಲ. ಅದು ದೈವಿಕಸಿದ್ಧಿಗೆ ಅವರೇ ಕೊಟ್ಟ ಸಾಕ್ಷ್ಯ. ಆ ದೃಶ್ಯದಲ್ಲಿ ಮಾತು ಅತ್ಯಲ್ಪ, ಸಂಗೀತವು ಅವಿಚ್ಛಿನ್ನ. ಕೈಗಳು ಶೃಂಗಾರಕ್ಕೆ ತಕ್ಕ ನಾದವನ್ನು ನುಡಿಸುತ್ತಿರಲು ಕಪ್ಪು ಕನ್ನಡಕದ ಹಿಂದಿನ ಕಣ್ಣುಗಳು ಭಯಾನಕವನ್ನು ಕಾಣುತ್ತಿವೆ. ವಿರುದ್ಧರಸಗಳೆರಡನ್ನು ಒಂದೇ ದೇಹದಲ್ಲಿ ಹೀಗೆ ಹೊಂದಿಸಿರುವುದು ಪ್ರೌಢವಾದ ಕೆಲಸ.

೪

ಇನ್ನು ಅಂತ್ಯದ ಸಂಶಯವನ್ನು ವಿಚಾರಿಸಬೇಕು. ಅದು ದೋಷವೆನ್ನುವವರಿಗೆ ಶಾಸ್ತ್ರದ ಬೆಂಬಲವಿಲ್ಲದೆ ಇಲ್ಲ. ಮಮ್ಮಟನು ಸಂದಿಗ್ಧವನ್ನು ದೋಷಗಳಲ್ಲಿ ಎಣಿಸಿದ್ದಾನೆ. ಅಭಿನವಗುಪ್ತನು ಹೇಳುವ ಏಳು ರಸವಿಘ್ನಗಳಲ್ಲಿ ಕಡೆಯದು ಸಂಶಯಯೋಗವೇ. ಆದರೆ ಅಭಿನವಗುಪ್ತನು ನಿಷೇಧಿಸುವ ಸಂಶಯವು ಯಾವುದು? ಕಣ್ಣೀರು ಆನಂದದಿಂದಲೂ ಬರಬಹುದು, ನೇತ್ರರೋಗದಿಂದಲೂ ಬರಬಹುದು. ಯಾವ ಭಾವವೆಂದು ತಿಳಿಯದಿದ್ದರೆ ರಸಪ್ರತೀತಿಯು ಕೆಡುತ್ತದೆ. ಅಂದರೆ ಆ ಸಂಶಯವು ಭಾವವಿಷಯಕವೇ ಹೊರತು ಘಟನಾವಿಷಯಕವಲ್ಲ. ಮಮ್ಮಟನೂ ಸಂದಿಗ್ಧವು ನಿಯತಾರ್ಥವನ್ನು ತೋರಿಸುವುದರಲ್ಲಿ ಪರ್ಯವಸಾನವಾದರೆ ಕೆಲವೆಡೆ ಗುಣವೇ ಆಗುವುದೆಂದು ಒಪ್ಪುತ್ತಾನೆ. ಪ್ರಕೃತದಲ್ಲಿ ಸಿಮಿಯು ಸತ್ತ ಬಗೆಯು ಅನಿಶ್ಚಿತ. ಆದರೆ ಕುರುಡನೆಂದು ಹೇಳಿಕೊಂಡು ಗೆಳತಿಯ ಕನಿಕರವನ್ನು ಪಡೆದವನು ಕಣ್ಣುಳ್ಳವನೆಂಬುದು ನಿಶ್ಚಿತ. ಡಬ್ಬಿಯ ಶಬ್ದವು ಈ ನಿಯತಾರ್ಥವನ್ನು ಸ್ಪಷ್ಟವಾಗಿ ಧ್ವನಿಸುತ್ತದೆ.

ಆನಂದವರ್ಧನನ ವಿಭಾಗವು ಇಲ್ಲಿ ಹೆಚ್ಚು ಉಪಕಾರಕ. ಕವಿಯ ಪ್ರೌಢೋಕ್ತಿ ಬೇರೆ, ಕವಿಯು ನಿರ್ಮಿಸಿದ ವಕ್ತೃವಿನ ಪ್ರೌಢೋಕ್ತಿ ಬೇರೆ. ಮೊಲದ ಪ್ರಸಂಗವು ವಕ್ತೃವಿನದು; ಡಬ್ಬಿಯು ಕವಿಯದು. ಪ್ರೇಕ್ಷಕರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ವಾದವು ಬಗೆಹರಿಯದು.

ಮಸ್ಕಿಯ ಉದಾಹರಣೆಯಿಂದ ಇದು ವಿಶದವಾದೀತು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ವಿದ್ವಾಂಸರು ೧೮೩೭ರಿಂದಲೂ ಸಿಂಹಳದ ಐತಿಹ್ಯಗಳ ಸಹಾಯದಿಂದ ಊಹಿಸಿದ್ದರು. ೧೯೧೫ರಲ್ಲಿ ಮಸ್ಕಿಯಲ್ಲಿ ಸಿ. ಬೀಡನ್ ಅವರು ಕಂಡುಹಿಡಿದ ಶಾಸನದಲ್ಲಿ ಅಶೋಕನ ಹೆಸರೇ ದೊರೆತು ಊಹೆಯು ನಿರ್ಣಯವಾಯಿತು. ಇತಿಹಾಸದಲ್ಲಿ ಇಂಥ ಕಲ್ಲಿಗಾಗಿ ಕಾಯುವುದು ನ್ಯಾಯ. ಏಕೆಂದರೆ ಅಶೋಕನು ಶಾಸನದ ಹೊರಗೆ ಬದುಕಿದ್ದವನು. ಆಕಾಶನಾದರೋ ಚಿತ್ರದ ಹೊರಗೆ ಎಲ್ಲಿಯೂ ಇಲ್ಲ. ಚಿತ್ರದಲ್ಲಿ ತೋರಿಸದೆ ಬಿಟ್ಟ ಸತ್ಯವು ಎಲ್ಲಿಯೋ ಹೂತಿದೆಯೆಂದು ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ಅಗೆಯುವುದು ಕಾವ್ಯದಲ್ಲಿ ಮಸ್ಕಿಯ ಶಾಸನವನ್ನು ಹುಡುಕಿದಂತೆ. ನಿರ್ದೇಶಕನೇ ಬಂದು ಹೀಗಾಯಿತೆಂದು ಹೇಳಿದರೂ ಅದು ಮತ್ತೊಬ್ಬ ಪ್ರೇಕ್ಷಕನ ಅಭಿಪ್ರಾಯವಾದೀತೇ ಹೊರತು ಚಿತ್ರದ ಅಂಗವಾಗದು.

೫

ಪಾತ್ರವೇ ಕಥೆ ಹೇಳುವ ಈ ಕ್ರಮವು ಕನ್ನಡಕ್ಕೆ ಹೊಸದಲ್ಲ. ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರಚರಿತೆ’ಯೊಡನೆ ಈ ಚಿತ್ರವನ್ನು ಹೋಲಿಸಿ ನೋಡುವುದು ಫಲಕಾರಿ. ಅಲ್ಲಿಯೂ ಜಾರನಿಗಾಗಿ ಗಂಡನನ್ನು ಕೊಲ್ಲುವ ಹೆಂಡತಿಯುಂಟು, ವಿಷವುಂಟು, ಗಾನವೇ ಅನರ್ಥಕ್ಕೆ ಮೂಲ. ಮಾವುತನ ಹಾಡನ್ನು ಕೇಳಿ ಅಮೃತಮತಿಯು ಮನಸೋತಳು. ಅಲ್ಲಿಯೂ ಹಳೆಯ ಕಥೆಯನ್ನು ಹೇಳುವವನು ಪಾತ್ರವೇ. ಚಂಡಮಾರಿಯ ಮುಂದೆ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿಯು ಮಾರಿದತ್ತನಿಗೆ ತನ್ನ ಜನ್ಮಾಂತರಗಳನ್ನು ಹೇಳುತ್ತಾನೆ. ಪ್ರಾಣವು ಕಥೆಯನ್ನೇ ಅವಲಂಬಿಸಿರುವಾಗ ಅವನು ಸುಳ್ಳು ಹೇಳಿರಬಹುದೆಂದು ಯಾವ ಓದುಗನಿಗೂ ತೋರದು. ಕಾರಣವೇನೆಂದರೆ, ಅವನು ಸುದತ್ತಾಚಾರ್ಯರ ಸಂಘದವನೆಂಬುದನ್ನೂ, ಮರಣದೆದುರಿಗೆ ಅವನು ಅಚಂಚಲನೆಂಬುದನ್ನೂ ಕವಿಯು ಮೊದಲೇ ಸ್ಥಾಪಿಸಿದ್ದಾನೆ. ರಾಘವನ್ ಅವರು ಇದಕ್ಕೆ ವಿಪರೀತವಾಗಿ, ನಾಯಕನು ನಟನೆಗಾರನೆಂಬುದನ್ನೇ ಮೊದಲು ಸ್ಥಾಪಿಸಿ, ಆಮೇಲೆ ಅವನ ಬಾಯಿಗೆ ಕಥೆಯನ್ನು ಒಪ್ಪಿಸುತ್ತಾರೆ. ಅಲ್ಲಿ ಕೇಳಿದವನ ಹೃದಯವು ಶುದ್ಧವಾಗುತ್ತದೆ. ಇಲ್ಲಿ ಕೇಳಿದವಳು ಕಣ್ಣುಗಳನ್ನು ಕೀಳಬೇಕಾಗಿತ್ತೆನ್ನುತ್ತಾಳೆ. ಕಥೆಯೊಂದು ಕೇಳುವವರನ್ನು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇವೆರಡೂ ಎರಡು ತುದಿಗಳು.

ಇದಕ್ಕಿಂತಲೂ ಮುಖ್ಯವಾದ ಸಾಮ್ಯವೊಂದುಂಟು. ಯಶೋಧರನು ಜೀವವಧೆಗೆ ಹೇಸಿ, ತಾಯಿಯ ಮಾತಿಗೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅದು ನಟನೆಯ ಹಿಂಸೆ; ಆದರೂ ಸಂಕಲ್ಪವಿದ್ದುದರಿಂದ ನಿಜವಾದ ಹಿಂಸೆಯ ಫಲವನ್ನೇ ಕೊಟ್ಟಿತು. ಆಕಾಶನ ನಟನೆಯ ಕುರುಡುತನವೂ ಅಂಥ ಹಿಟ್ಟಿನ ಕೋಳಿಯೇ. ಯಾರಿಗೂ ಕೇಡಿಲ್ಲದ ಪ್ರಯೋಗವೆಂದು ತೊಡಗಿದುದು, ನೋಡಿಯೂ ನೋಡದವನಾಗುವ ಪಾಪಕ್ಕೆ ಎಳೆದು, ಕಡೆಗೆ ನಿಜವಾದ ಕುರುಡನ್ನೇ ತಂದಿತು. ಕಣ್ಣು ಮರಳಿದ ಮೇಲೂ ಅವನು ಕೋಲನ್ನು ಬಿಡಲಿಲ್ಲ. ಸಿಮಿಯ ಕಣ್ಣುಗಳನ್ನು ಅವನು ಪಡೆದನೋ ಇಲ್ಲವೋ ಎಂಬ ಪ್ರಶ್ನೆಗಿಂತ, ಕಾಣಬಲ್ಲವನು ಕಾಣದವನಾಗಿಯೇ ಬಾಳಲು ಏಕೆ ಬಯಸಿದನೆಂಬ ಪ್ರಶ್ನೆಯು ಗಂಭೀರವಾದುದು. ವಿವಾದದ ಗದ್ದಲದಲ್ಲಿ ಇದನ್ನು ಕೇಳಿದವರು ವಿರಳ.

೬

ಇಷ್ಟರಿಂದ ಚಿತ್ರವು ನಿರ್ದುಷ್ಟವೆಂದು ಹೇಳಿದಂತಾಗದು. ಉತ್ತರಾರ್ಧದಲ್ಲಿ ಆಕಸ್ಮಿಕಗಳು ಒಂದರ ಮೇಲೊಂದು ಬಂದು ಬೀಳುತ್ತವೆಂಬ ಅನೇಕರ ಆಕ್ಷೇಪವು ಯುಕ್ತವೇ. ವೈದ್ಯನೂ ಅವನ ಸಹಾಯಕರೂ ಪ್ರವೇಶಿಸಿದ ಮೇಲೆ, ಸಂಭಾವನೆಯಿಲ್ಲದಿರುವುದೆಂಬ ಮೊದಲನೆಯ ರಸವಿಘ್ನವು ಪದೇ ಪದೇ ತಲೆಯೆತ್ತುತ್ತದೆ. ಅದೆಲ್ಲವೂ ಆಕಾಶನು ಕಟ್ಟಿದ ಕಥೆಯಾದುದರಿಂದ ಅಸಂಭಾವ್ಯತೆಯು ಅವನದೇ ಹೊರತು ಕರ್ತೃವಿನದಲ್ಲವೆಂದು ಅಭಿಮಾನಿಗಳು ಸಮಾಧಾನ ಹೇಳುತ್ತಾರೆ. ಈ ಸಮಾಧಾನವನ್ನು ಒಪ್ಪಿದರೆ ಯಾವ ದುರ್ಬಲಕಾವ್ಯವನ್ನಾದರೂ ಪಾತ್ರದ ತಲೆಗೆ ಕಟ್ಟಿ ಪಾರುಮಾಡಬಹುದು. ವಕ್ತೃವು ಸುಳ್ಳನಾದರೂ ಸುಳ್ಳಿನಲ್ಲಿ ಹದವಿರಬೇಕು. ಆ ಹದವನ್ನು ನೋಡಿಕೊಳ್ಳುವ ಹೊಣೆಯು ಕವಿಯದೇ. ಪೂರ್ವಾರ್ಧದ ಬಿಗಿಯು ಉತ್ತರಾರ್ಧದಲ್ಲಿಲ್ಲವೆಂಬ ಸಾಮಾನ್ಯರ ಮಾತನ್ನು ಇಲ್ಲಿ ಪಂಡಿತರೂ ಒಪ್ಪತಕ್ಕುದೇ.

ಹೀಗೆ ಒಂದೇ ಚಿತ್ರದ ವಿಷಯದಲ್ಲಿ ಬಹುಜನರ ಅಭಿಪ್ರಾಯವು ಒಂದೆಡೆ ಪ್ರಮಾಣವಾಯಿತು, ಇನ್ನೊಂದೆಡೆ ಅಪ್ರಮಾಣವಾಯಿತು. ಅನುಭವವನ್ನು ಕುರಿತು ಪ್ರೇಕ್ಷಕನು ಹೇಳಿದುದು ಸಾಕ್ಷ್ಯ. ಕಾವ್ಯದ ಹೊರಗಣ ಸತ್ಯವನ್ನು ಕುರಿತು ಹೇಳಿದುದು ಕೇವಲ ಊಹೆ. ತರಗತಿಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ವಿದ್ಯಾರ್ಥಿಗಳು ನೋಡಿ ವಾದಿಸುವ ಇಂಥ ಚಿತ್ರಗಳನ್ನು ತುಚ್ಛವೆಂದು ತಳ್ಳದೆ, ಈ ಭೇದವನ್ನು ತಿಳಿಸಲು ಬಳಸಿಕೊಂಡರೆ, ಧ್ವನಿ ಔಚಿತ್ಯಗಳ ಪಾಠವು ಪುಸ್ತಕದಲ್ಲಿಯೇ ಉಳಿಯದೆ ಜೀವಂತವಾದೀತು. ಏನು ನಡೆಯಿತೆಂದು ಕೇಳುವ ವಿದ್ಯಾರ್ಥಿಯನ್ನು, ಯಾರು ಹೇಳಿದರು, ಯಾರಿಗೆ ಹೇಳಿದರು, ಹೇಳಿ ಏನನ್ನು ಪಡೆದರು ಎಂದು ಕೇಳುವಂತೆ ಮಾಡಿದರೆ ಅಧ್ಯಾಪಕನ ಕಾರ್ಯವು ಅಲ್ಲಿಗೆ ಸಾರ್ಥಕ.