ಛೇದದ ಗುಣ ತಿಳಿಯದೆ ಗುಣಿಸಬೇಡಿ

ಕಾಫಿ ತೋಟಗಳಲ್ಲಿ ಹೂಮಳೆಗೆ ಕಾಯುವ ದಿನಗಳಲ್ಲೇ ಸಕಲೇಶಪುರ, ಆಲೂರು ಸೀಮೆಯ ಪಿಯು ಮಕ್ಕಳ ಸಿಇಟಿ ತಯಾರಿಯೂ ಬಿರುಸಾಗುತ್ತದೆ. ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದೊಂದಕ್ಕೆ 80 ಸೆಕೆಂಡು. ಈ ಅವಸರದಲ್ಲಿ ಅಂಕ ಕೈತಪ್ಪುವುದು ಕಲನಶಾಸ್ತ್ರದ ಕಗ್ಗಂಟಿನಿಂದ ಮಾತ್ರವಲ್ಲ, ಪ್ರೌಢಶಾಲೆಯಲ್ಲೇ ಕಲಿತ ಭಿನ್ನರಾಶಿಯಿಂದಲೂ ಹೌದು.

ಮೊದಲ ತಪ್ಪು ಕ್ಯಾನ್ಸಲ್ ಮಾಡುವುದರಲ್ಲಿದೆ. (ಕ + 3)/3 ಕಂಡ ಕೂಡಲೇ ಮೇಲಿನ 3, ಕೆಳಗಿನ 3 ಎರಡನ್ನೂ ಹೊಡೆದು ‘ಕ’ ಎಂದು ಬರೆದುಬಿಡುತ್ತಾರೆ. ಕ ಜಾಗದಲ್ಲಿ 6 ಇಟ್ಟು ನೋಡಿ: 9ನ್ನು 3ರಿಂದ ಭಾಗಿಸಿದರೆ 3, ಹೊಡೆದವರ ಉತ್ತರ 6. ಕ್ಯಾನ್ಸಲ್ ಎಂದರೆ ಭಾಗಾಕಾರ. ಇಡೀ ಅಂಶಕ್ಕೆ ಗುಣಿಸಿಕೊಂಡಿರುವ ಸಂಖ್ಯೆಯನ್ನು ಹೊಡೆಯಬಹುದು, ಕೂಡಿಕೊಂಡಿರುವುದನ್ನು ಹೊಡೆಯುವಂತಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. 6/ಕ < 2 ಎಂಬ ಅಸಮತೆಯನ್ನು ಸಮೀಕರಣದಂತೆ ಅಡ್ಡ ಗುಣಾಕಾರ ಮಾಡಿ, 6 < 2ಕ, ಆದ್ದರಿಂದ ಕ > 3 ಎನ್ನುತ್ತಾರೆ. ಆದರೆ ಕ = –1 ಆದಾಗ ಎಡಗಡೆ –6; ಅದೂ 2ಕ್ಕಿಂತ ಕಡಿಮೆಯೇ. ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗಬೇಕೆಂದು ಎಲ್ಲ ಮಕ್ಕಳಿಗೂ ಗೊತ್ತು. –1 ಇದ್ದರೆ ಮೈನಸ್ ಕಣ್ಣಿಗೆ ಬೀಳುತ್ತದೆ, ಮರೆಯುವುದಿಲ್ಲ. ಕ ಋಣವೋ ಧನವೋ ಎಂಬುದು ಕಣ್ಣಿಗೆ ಕಾಣದು; ಮೋಸ ಹೋಗುವುದು ಅಲ್ಲೇ.

ದಾರಿ ಕಷ್ಟದ್ದಲ್ಲ. ಎಲ್ಲವನ್ನೂ ಒಂದೇ ಬದಿಗೆ ತನ್ನಿ: (6 – 2ಕ)/ಕ < 0. ಅಂಶ ಸೊನ್ನೆಯಾಗುವುದು 3ರಲ್ಲಿ, ಛೇದ ಸೊನ್ನೆಯಾಗುವುದು 0ಯಲ್ಲಿ. ಸಂಖ್ಯಾರೇಖೆಯ ಮೇಲೆ ಈ ಎರಡನ್ನು ಗುರುತಿಸಿ, ಮೂರು ಭಾಗಗಳಿಂದ ಒಂದೊಂದು ಸಂಖ್ಯೆ ಹಾಕಿ ಪರೀಕ್ಷಿಸಿ. ಉತ್ತರ: ಕ < 0 ಅಥವಾ ಕ > 3.

ಮೂರನೆಯದು ಸೊನ್ನೆಯ ವಿಷಯ. ಕ² = 5ಕ ಎಂಬಲ್ಲಿ ಎರಡೂ ಕಡೆ ಕ ಹೊಡೆದರೆ 5 ಮಾತ್ರ ಸಿಗುತ್ತದೆ, 0 ಎಂಬ ಇನ್ನೊಂದು ಉತ್ತರ ಕಳೆದುಹೋಗುತ್ತದೆ. ಕ ಸೊನ್ನೆಯಾಗಿದ್ದರೆ ಹಾಗೆ ಹೊಡೆಯುವುದು ಸೊನ್ನೆಯಿಂದ ಭಾಗಿಸಿದಂತೆ; ಅದು ಸಲ್ಲದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಭಿನ್ನರಾಶಿಗಳನ್ನು ವಿಸ್ತಾರವಾಗಿ ವಿವರಿಸಿದ ಘನ ಗ್ರಂಥ. ಅದರಲ್ಲೂ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದು ಎಂಬ ಮಾತಿದೆ; ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಸೊನ್ನೆಯ ಛೇದದ ಮುಂದೆ ಎಂಥವರೂ ಎಚ್ಚರದಿಂದಿರಬೇಕು.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಜೆಇಇ ಮೇನ್‌ನಲ್ಲಿ ಒಂದು ಅಂಕ ಹೋಗುತ್ತದೆ. ಎರಡು ಕಡೆಯೂ ಅವಸರದ ಉತ್ತರ ನಾಲ್ಕು ಆಯ್ಕೆಗಳ ನಡುವೆ ಕಾದು ಕುಳಿತಿರಬಹುದು. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಉತ್ತರ ಬಂದಮೇಲೆ ಒಂದು ಸಂಖ್ಯೆ ಹಾಕಿ ತಾಳೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಧ್ಯಾಪಕರೂ ಬರೀ ಸರಿ–ತಪ್ಪು ಗುರುತು ಹಾಕದೆ, ಲೆಕ್ಕ ಯಾವ ಸಾಲಿನಲ್ಲಿ ಕೆಟ್ಟಿತೆಂದು ಮಕ್ಕಳಿಂದಲೇ ಹೇಳಿಸಲಿ. ಈ ತಾಳೆಗೆ ಹತ್ತು ಸೆಕೆಂಡು ಸಾಕು. ಅದನ್ನು ಉಳಿಸಲು ಹೋಗಿ ಅಂಕ ಕಳೆದುಕೊಳ್ಳಬೇಡಿ.