ಪರದೇಶದ ಮೊದಲ ವಾರಗಳು: ವಿದ್ಯಾರ್ಥಿ ವೃತ್ತಾಂತಗಳ ಒಂದು ಪರಿಶೀಲನೆ

ವಿದ್ಯಾರ್ಜನೆಗಾಗಿ ಕಡಲು ದಾಟಿ ಹೋದವರು ಬರೆದಿಟ್ಟ ವೃತ್ತಾಂತಗಳು ನಮ್ಮಲ್ಲಿ ವಿರಳವೇನೂ ಅಲ್ಲ. ಅವುಗಳನ್ನು ಪ್ರವಾಸ ಸಾಹಿತ್ಯವೆಂದಾಗಲಿ ಆತ್ಮಚರಿತ್ರೆಯೆಂದಾಗಲಿ ವಿಂಗಡಿಸಿ, ವರ್ಣನೆಯ ಸೊಗಸನ್ನೂ ಲೇಖಕರ ವ್ಯಕ್ತಿತ್ವದ ಹಿರಿಮೆಯನ್ನೂ ಕುರಿತು ನಾಲ್ಕು ಮಾತು ಹೇಳಿ ಮುಗಿಸುವುದು ವಿಮರ್ಶೆಯಲ್ಲಿ ವಾಡಿಕೆಯಾಗಿದೆ. ಇತಿಹಾಸವನ್ನು ಅಭ್ಯಸಿಸುವವನಿಗೆ ಇಷ್ಟು ಸಾಲದು. ಗುರುತು ಪರಿಚಯವಿಲ್ಲದ ಮಹಾನಗರದಲ್ಲಿ ಬಂದಿಳಿದ ತರುಣನಿಗೆ ಮೊದಲ ರಾತ್ರಿ ಮಲಗಲು ಎಡೆ ಕೊಟ್ಟವರು ಯಾರು? ಅದಕ್ಕೆ ಆತ ತೆತ್ತ ಬಾಡಿಗೆ ಎಷ್ಟು? ಉಂಡದ್ದೇನು, ಉಣ್ಣಲಾರದೆ ಬಿಟ್ಟದ್ದೇನು? ಮನೆಗೆ ಬರೆದ ಕಾಗದದಲ್ಲಿ ಯಾವುದನ್ನು ಮರೆಮಾಚಿದ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಬರಹ ಯಾವುದು, ಕೊಡದಿರುವ ಬರಹ ಯಾವುದು ಎಂಬುದನ್ನು ಒರೆಗಲ್ಲಾಗಿ ಇಟ್ಟುಕೊಂಡು ಕೆಲವು ಪ್ರಸಿದ್ಧ ವೃತ್ತಾಂತಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಪ್ರಸಕ್ತಿಯುಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳೂ ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ೧೯೯೭ರಲ್ಲಿ ಆ ಜಿಲ್ಲೆ ರಚಿತವಾಗುವವರೆಗೆ ಜಗಳೂರು ಚಿತ್ರದುರ್ಗಕ್ಕೂ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಯಿತು. ಸೂಳೆಕೆರೆಯ ನೀರುಂಡ ತೋಟಗಳ ಮನೆಗಳಿಂದಲೂ ಜಗಳೂರಿನ ಮಳೆಯಾಶ್ರಿತ ಹೊಲಗಳ ಮನೆಗಳಿಂದಲೂ ಈಗ ಮಕ್ಕಳು ಪರದೇಶಗಳಿಗೆ ಓದಲು ಹೋಗುತ್ತಿದ್ದಾರೆ. ಮನೆತನದಲ್ಲಿ ಮೊದಲು ವಿಮಾನ ಏರಿದವರು ಇವರಲ್ಲಿ ಉಂಟು. ಇಂಥವರ ಕೈಗೆ ಹಿಂದಿನವರ ಅನುಭವವಾಗಿ ದೊರೆಯುವುದು ಈ ವೃತ್ತಾಂತಗಳೇ. ಆದಕಾರಣ ಅವು ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲಿಗೆ ಎಲ್ಲರೂ ಬಲ್ಲ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಾಂಧೀಜಿಯವರು ೧೮೮೮ರ ಸೆಪ್ಟೆಂಬರ್ ೪ರಂದು ಮುಂಬಯಿಯಿಂದ ಹೊರಟು ಲಂಡನ್ ನಗರವನ್ನು ಸೇರಿದರು. ಅವರ ಆತ್ಮಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಅನುವಾದದ ಮೂಲಕ ಕನ್ನಡದ ಹಲವು ತಲೆಮಾರುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಅದರಲ್ಲಿನ ಲಂಡನ್ ಪ್ರವೇಶದ ಪ್ರಸಂಗವನ್ನು ಓದಿದವರು ಮರೆಯಲಾರರು. ಬಿಳಿಯ ಫ್ಲಾನೆಲ್ ಉಡುಪಿನಲ್ಲಿ ದಡಕ್ಕಿಳಿದು ಅಂಥ ಬಟ್ಟೆ ತೊಟ್ಟವನು ತಾನೊಬ್ಬನೇ ಎಂದು ಕಂಡು ನಾಚಿದ್ದು, ಪೆಟ್ಟಿಗೆಗಳು ಸೋಮವಾರದವರೆಗೆ ಕೈಗೆ ಬಾರದೆ ಹೋದದ್ದು, ಡಾಕ್ಟರ್ ಮೆಹತಾ ಅವರ ರೇಷ್ಮೆಯ ಟೋಪಿಯನ್ನು ಕುತೂಹಲದಿಂದ ಸವರಿ ಅದರ ನವಿರು ಕೆಡಿಸಿದ್ದು, ಅದರಿಂದ ಪಾಶ್ಚಾತ್ಯ ನಡವಳಿಕೆಯ ಮೊದಲ ಪಾಠ ದೊರೆತದ್ದು, ಹೋಟೆಲಿನ ಮೂರು ಪೌಂಡುಗಳ ಲೆಕ್ಕ ನೋಡಿ ಬೆಚ್ಚಿದ್ದು, ರಾತ್ರಿಯೆಲ್ಲ ತಾಯಿಯನ್ನು ನೆನೆದು ಅತ್ತದ್ದು ಎಲ್ಲವೂ ಅಲ್ಲಿ ಅಚ್ಚುಕಟ್ಟಾಗಿ ಬಂದಿವೆ.

ಆದರೆ ಈ ಆತ್ಮಕಥೆ ನವಜೀವನ ಪತ್ರಿಕೆಯಲ್ಲಿ ಬರಲಾರಂಭಿಸಿದ್ದು ೧೯೨೫ರಲ್ಲಿ. ಅಂದರೆ ಘಟನೆಗೂ ಬರವಣಿಗೆಗೂ ನಡುವೆ ಮೂವತ್ತೇಳು ವರ್ಷಗಳ ಅಂತರವಿದೆ. ಅದೃಷ್ಟವಶಾತ್ ಇನ್ನೊಂದು ಆಧಾರವೂ ಉಳಿದಿದೆ. ಲಂಡನ್ನಿಗೆ ಬಂದ ಕೆಲವೇ ವಾರಗಳಲ್ಲಿ, ೧೮೮೮ರ ನವೆಂಬರ್ ೧೨ರಂದು, ಗಾಂಧೀಜಿಯವರು ಇಂಗ್ಲಿಷಿನಲ್ಲಿ ದಿನಚರಿ ಬರೆಯಲು ತೊಡಗಿದರು. ೧೯೦೯ರಲ್ಲಿ ಬಂಧುವಾದ ಛಗನಲಾಲ ಗಾಂಧಿ ಲಂಡನ್ನಿಗೆ ಹೊರಟಾಗ, ಅವರಿಗೆ ನೆರವಾದೀತೆಂದು ಅದನ್ನು ಕೊಟ್ಟರು. ಸುಮಾರು ೧೨೦ ಪುಟಗಳ ಆ ದಿನಚರಿಯಲ್ಲಿ ಛಗನಲಾಲರು ಪ್ರತಿಮಾಡಿಕೊಂಡ ಇಪ್ಪತ್ತರಷ್ಟು ಪುಟಗಳು ಮಾತ್ರ ನಮಗೆ ಲಭ್ಯವಾಗಿವೆ, ಉಳಿದುದು ಕಳೆದುಹೋಯಿತು. ಮೊದಲು ಹೋದವನ ಬರಹ ನಂತರ ಹೋಗುವವನಿಗೆ ದಾರಿಬುತ್ತಿಯಾಗಬೇಕೆಂಬ ತಿಳಿವಳಿಕೆ ಅದನ್ನು ಬರೆದವರಿಗೇ ಇತ್ತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಈ ಎರಡು ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಭೇದ ಸ್ಪಷ್ಟವಾಗುತ್ತದೆ. ದಿನಚರಿಯಲ್ಲಿ ವಿಕ್ಟೋರಿಯಾ ಹೋಟೆಲಿನ ಬಾಡಿಗೆ ತಲೆಗೆ ದಿನಕ್ಕೆ ಆರು ಶಿಲಿಂಗ್ ಎಂದು ನಮೂದಾಗಿದೆ. ಬಾಡಿಗೆಯನ್ನು ಮೊದಲೇ ವಿಚಾರಿಸುವುದು ಗೌರವಕ್ಕೆ ಕುಂದೆಂದು ಭಾವಿಸಿದ ಸಂಗಡಿಗನೊಬ್ಬ ಕೇಳದೆಯೇ ಒಪ್ಪಿಕೊಂಡನೆಂಬುದೂ ಇದೆ. ಲಿಫ್ಟನ್ನು ಕಂಡು ಅದೊಂದು ಕೋಣೆ, ಕೊಂಚ ಹೊತ್ತು ಅಲ್ಲಿ ಕುಳಿತಿರಬೇಕೇನೋ ಎಂದುಕೊಂಡದ್ದು, ಅದು ತಮ್ಮನ್ನು ಮೇಲಿನ ಅಂತಸ್ತಿಗೆ ಒಯ್ದಾಗ ಬೆರಗಾದದ್ದು, ಆ ಕೋಣೆಯಲ್ಲೇ ಬಾಳೆಲ್ಲ ಕಳೆಯಬಹುದೆನಿಸಿದ್ದು ಇವೆಲ್ಲ ದಿನಚರಿಯ ಮಾತುಗಳು. ಆತ್ಮಕಥೆಯಲ್ಲಿ ಲಿಫ್ಟೂ ಇಲ್ಲ, ಆ ಕೋಣೆಯ ಮೋಹವೂ ಇಲ್ಲ. ಹಡಗಿನಿಂದ ಇಳಿದ ಸ್ಥಳ ಸೌದಾಂಪ್ಟನ್ ಎಂದು ಆತ್ಮಕಥೆ ಹೇಳಿದರೆ, ಅದು ಟಿಲ್ಬರಿಯೆಂದು ವಾದಿಸಿದ ಸಂಶೋಧಕರಿದ್ದಾರೆ.

ಈ ಭೇದಕ್ಕೆ ಕಾರಣವೇನು? ಐವತ್ತಾರನೆಯ ವಯಸ್ಸಿನಲ್ಲಿ ಬರೆಯುತ್ತಿದ್ದ ಮಹಾತ್ಮರಿಗೆ ತಮ್ಮ ಜೀವನದ ಸೂತ್ರ ಕೈಗೆ ಸಿಕ್ಕಿತ್ತು. ಬಟ್ಟೆಯ ಆಡಂಬರ, ದುಂದುವೆಚ್ಚ, ತಾಯಿಗಿತ್ತ ವಚನ ಇವು ಆ ಸೂತ್ರಕ್ಕೆ ಪೋಣಿಸಲು ಬರುವ ಮಣಿಗಳು, ಹಾಗಾಗಿ ಉಳಿದವು. ಲಿಫ್ಟಿನ ಬೆರಗು ಪೋಣಿಸಲು ಬಾರದ್ದು, ಉದುರಿಹೋಯಿತು. ಹತ್ತೊಂಬತ್ತರ ತರುಣನಿಗಾದರೋ ಸೂತ್ರವೇ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ. ಸಾಹಿತ್ಯವಾಗಿ ಆತ್ಮಕಥೆ ಹಿರಿದು, ಇದು ನಿರ್ವಿವಾದ. ಮೊದಲ ವಾರಗಳ ಸಾಕ್ಷಿಯಾಗಿ ದಿನಚರಿಯ ತುಣುಕೇ ಹಿರಿದು. ಆದರೂ ಆತ್ಮಕಥೆಗೆ ಒಂದು ಅಪೂರ್ವ ಗುಣವಿದೆಯೆಂದು ಒಪ್ಪಬೇಕು. ಅನ್ನಕ್ಕಾಗಿ ಪಟ್ಟ ಪಾಡನ್ನು ಅದು ಮುಚ್ಚಿಡುವುದಿಲ್ಲ. ಇಟ್ಟದ್ದು ಸಾಲದೆ, ಇನ್ನಷ್ಟು ಬೇಕೆಂದು ಕೇಳಲು ನಾಚಿ ಹಸಿದದ್ದನ್ನೂ, ಸಸ್ಯಾಹಾರದ ಭೋಜನಾಲಯ ಹುಡುಕುತ್ತ ಮೈಲುಗಟ್ಟಲೆ ನಡೆದು ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದನ್ನು ಕಂಡು ಹಿಗ್ಗಿದ್ದನ್ನೂ, ತಮ್ಮ ಸಂಕಟವನ್ನು ಯಾರಲ್ಲೂ ಹೇಳಿಕೊಳ್ಳಲಾಗದಿದ್ದುದನ್ನೂ ಅದು ನಿಸ್ಸಂಕೋಚವಾಗಿ ಹೇಳುತ್ತದೆ.

ಇನ್ನೊಂದು ಅಂಶವನ್ನು ವಿಮರ್ಶಕರು ಸಾಮಾನ್ಯವಾಗಿ ಕಡೆಗಣಿಸಿದ್ದಾರೆ. ಗಾಂಧೀಜಿಯವರಿಗೆ ಮೊದಲ ಪರಸ್ಥಳ ಲಂಡನ್ ಆಗಿರಲಿಲ್ಲ, ಅದು ಭಾವನಗರ. ಅಲ್ಲಿನ ಸಾಮಲದಾಸ ಕಾಲೇಜಿಗೆ ಸೇರಿ, ಪಾಠ ತಲೆಗೆ ಹತ್ತದೆ, ಒಂದು ಅವಧಿ ಮುಗಿಸಿ ಮನೆಗೆ ಮರಳಿದ ಮೇಲೆಯೇ ವಿಲಾಯತಿಯ ಮಾತು ಹುಟ್ಟಿತು. ಪರಸ್ಥಳವೆಂಬುದು ಕಡಲಿನಾಚೆಯೇ ಆರಂಭವಾಗಬೇಕಿಲ್ಲ.

ಕನ್ನಡದಲ್ಲಿ ಈ ಮಾತಿಗೆ ಉತ್ತಮ ನಿದರ್ಶನ ಡಾಕ್ಟರ್ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಈ ಹುಡುಗ ೧೯೩೫ರಲ್ಲಿ ಬಸ್ಸಿನ ಹಣವಿಲ್ಲದೆ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ವಿದ್ಯಾರ್ಥಿನಿಲಯದ ಆಶ್ರಯದಲ್ಲಿ ಓದಿದರು. ಮುಂದೆ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನವನ್ನು ಅಭ್ಯಸಿಸಿ ೧೯೬೦ರಲ್ಲಿ ಡಾಕ್ಟರೇಟ್ ಪಡೆದರು. ಓದುಗನ ಮನಸ್ಸಿನಲ್ಲಿ ಆಳವಾಗಿ ನಿಲ್ಲುವುದು ಕೊಲಂಬಸ್ ನಗರಕ್ಕಿಂತ ಹೆಚ್ಚಾಗಿ ಬೆಂಗಳೂರಿನವರೆಗಿನ ಆ ನಡಿಗೆಯೇ. ಇದನ್ನು ಕೃತಿಯ ದೋಷವೆಂದು ಎಣಿಸಲಾಗದು. ಊಟ, ವಸತಿ, ಶುಲ್ಕ ಮೂರನ್ನೂ ಇತರರ ಔದಾರ್ಯದಿಂದ ಪಡೆದು, ಕೃತಜ್ಞತೆಗೂ ಸ್ವಾಭಿಮಾನಕ್ಕೂ ನಡುವೆ ಬದುಕುವ ವಿದ್ಯೆಯನ್ನು ಅವರು ಕಲಿತದ್ದು ಮೊದಲನೆಯ ನಗರದಲ್ಲಿ. ಎರಡನೆಯದು ಆ ವಿದ್ಯೆಯ ಪ್ರಯೋಗ.

ಡಾಕ್ಟರ್ ಅಂಬೇಡ್ಕರರ ಅನುಭವ ಇದೇ ಮಾತನ್ನು ಹೆಚ್ಚು ಕಟುವಾಗಿ ತಿಳಿಸುತ್ತದೆ. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅವರು ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಪಾರ್ಸಿ ಗೆಳೆಯನೊಬ್ಬನೊಂದಿಗೆ ನೆಲಸಿದರು. ೧೯೧೭ರಲ್ಲಿ ಮರಳಿ ಬರೋಡಕ್ಕೆ ನೌಕರಿಗೆಂದು ಬಂದರೆ ಇಳಿದುಕೊಳ್ಳಲು ಎಡೆ ದೊರೆಯಲಿಲ್ಲ. ಹೆಸರು ಮರೆಸಿ ಪಾರ್ಸಿ ವಸತಿಗೃಹದಲ್ಲಿದ್ದ ಅವರನ್ನು ದೊಣ್ಣೆ ಹಿಡಿದ ಗುಂಪೊಂದು ಹೊರಡಿಸಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರುಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಸ್ವದೇಶದ ನಗರವೇ ಪರದೇಶವಾದ ಈ ವಾರಗಳ ವರ್ಣನೆಯಲ್ಲಿ ಅಲಂಕಾರ ಎಳ್ಳಷ್ಟೂ ಇಲ್ಲ. ಎಷ್ಟು ದಿನ ಇದ್ದದ್ದು, ಯಾರು ಬಂದದ್ದು, ಎಷ್ಟು ಗಂಟೆಗಳ ಅವಕಾಶ ಕೊಟ್ಟದ್ದು ಎಂಬ ವಿವರಗಳೇ ಅದರ ಶಕ್ತಿ. ಜಾತಿಯ ಕಾರಣದಿಂದ ಪೇಟೆಯಲ್ಲಿ ಬಾಡಿಗೆಮನೆ ದೊರೆಯದೆ ತಿರುಗಿದವರಿಗೆ ಈ ಪುಟಗಳು ವ್ಯಾಖ್ಯಾನವಿಲ್ಲದೆಯೇ ಅರ್ಥವಾಗುತ್ತವೆ.

ಇನ್ನು ಕನ್ನಡದ ಎರಡು ಭಿನ್ನ ಮಾದರಿಗಳನ್ನು ನೋಡಬಹುದು. ಒಂದು ಮೌನದ ಮಾದರಿ. ಟಿ. ಪಿ. ಕೈಲಾಸಂ ೧೯೦೯ರಲ್ಲಿ ಭೂವಿಜ್ಞಾನದ ಅಧ್ಯಯನಕ್ಕೆಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋಗಿ ೧೯೧೫ರಲ್ಲಿ ಮರಳಿದರು. ಅಲ್ಲಿನ ರಂಗಭೂಮಿಯ ಸಂಸ್ಕಾರ ಅವರ ನಾಟಕಗಳ ಮೂಲಕ ಕನ್ನಡಕ್ಕೆ ಸಂದಿತು. ಲಂಡನ್ನಿನ ಮೇಲೆ ಅವರು ಪುಸ್ತಕ ಬರೆಯಲಿಲ್ಲ. ನಮಗೆ ಉಳಿದಿರುವುದು ಸ್ನೇಹಿತರೂ ಅಭಿಮಾನಿಗಳೂ ಹೇಳಿದ ಕಥೆಗಳು. ಅವುಗಳಲ್ಲಿ ಕೈಲಾಸಂ ಸದಾ ಚತುರೋಕ್ತಿಯ ಕೈಲಾಸಂ ಆಗಿಯೇ ಇರುತ್ತಾರೆ. ಬಂದಿಳಿದ ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿ ಅಲ್ಲಿ ಕಾಣಿಸುವುದಿಲ್ಲ.

ಇನ್ನೊಂದು ಫಲಶ್ರುತಿಯ ಮಾದರಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು ೧೯೬೩ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯಕ್ಕೆ ಹೋಗಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. ಆ ನಗರದಲ್ಲಿ ಬರ್ಗಮನ್ ನಿರ್ದೇಶಿಸಿದ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿ, ಮಾಲ್ಕಂ ಬ್ರಾಡ್‌ಬರಿಯವರೊಂದಿಗೆ ಅದನ್ನು ಕುರಿತು ಮಾತನಾಡಿದ ಪ್ರಸಂಗವನ್ನು ಅವರು ಹಲವು ಸಲ ಹೇಳಿದ್ದಾರೆ. ‘ಸಂಸ್ಕಾರ’ ಕಾದಂಬರಿಯ ಹುಟ್ಟು ಅದರೊಡನೆ ಹೆಣೆದುಕೊಂಡಿದೆ. ಸಾಹಿತ್ಯ ಚರಿತ್ರೆಗೆ ಇದು ಬೆಲೆಯುಳ್ಳ ಸಾಕ್ಷ್ಯ. ಆದರೆ ಇದರ ಪ್ರಕಾಶದಲ್ಲಿ ಬರ್ಮಿಂಗ್‌ಹ್ಯಾಂ ನಮ್ಮ ಓದುಗರಿಗೆ ಅಗ್ರಹಾರದ ಕಾದಂಬರಿಯೊಂದು ಹುಟ್ಟಿದ ಊರಾಗಿ ಮಾತ್ರ ಉಳಿಯಿತು. ಫಲ ಕೊಟ್ಟ ಸಂಜೆಯೊಂದು ಫಲ ಕೊಡದ ನೂರು ಸಂಜೆಗಳನ್ನು ಮರೆಮಾಡುವುದು ನೆನಪಿನ ಸ್ವಭಾವ. ಹೊಸದಾಗಿ ಹೋದ ವಿದ್ಯಾರ್ಥಿ ಕಳೆಯಬೇಕಾದದ್ದು ಆ ನೂರು ಸಂಜೆಗಳನ್ನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಬಾಡಿಗೆ, ಊಟ, ಲಿಫ್ಟುಗಳ ಲೆಕ್ಕವೇ ಸಾಹಿತ್ಯವಾದರೆ ಅಂಗಡಿಯ ಖಾತೆಯೂ ಕಾವ್ಯವಾದೀತಲ್ಲವೆ ಎಂದು ಕೇಳಬಹುದು. ಅನುಭವಕ್ಕೆ ಅರ್ಥ ಕೊಡುವುದು ಸಾಹಿತ್ಯದ ಧರ್ಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ವಾದ ಇಷ್ಟೇ: ಅರ್ಥವು ವಿವರವನ್ನು ನುಂಗಿಬಿಟ್ಟಲ್ಲಿ, ಗೆದ್ದುಬಂದವನ ಆತ್ಮವಿಶ್ವಾಸವನ್ನು ಆಗಷ್ಟೇ ಬಂದಿಳಿದವನ ಮೇಲೆ ಆರೋಪಿಸಿದಂತಾಗುತ್ತದೆ. ಆ ಬರಹವನ್ನು ಓದಿ ಹೊರಟ ಹುಡುಗ ತನ್ನ ಮೊದಲ ವಾರದ ಹಸಿವನ್ನೂ ಅಳುವನ್ನೂ ತನ್ನೊಬ್ಬನ ದೌರ್ಬಲ್ಯವೆಂದು ಬಗೆದು ಯಾರಿಗೂ ಹೇಳದೆ ಕೂರುತ್ತಾನೆ. ಸಾಲ ಮಾಡಿಯೋ ಹೊಲ ಒತ್ತೆಯಿಟ್ಟೋ ಕಳುಹಿಸಿದ ತಂದೆತಾಯಿಗಳಿಗೆ ಆತ ತಿಳಿಸುವುದು ಚೆನ್ನಾಗಿದ್ದೇನೆ ಎಂಬ ಒಂದೇ ಮಾತು. ಮನೆಗೆ ಬರೆದ ಕಾಗದಗಳನ್ನು ಆಧಾರವಾಗಿ ಬಳಸುವವರು ಈ ಮಾತನ್ನು ಎಷ್ಟು ಎಚ್ಚರದಿಂದ ಓದಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಕಾಗದವೂ ಇಲ್ಲ. ಮೊದಲ ವಾರಗಳ ಮಾತೆಲ್ಲ ಮೊಬೈಲಿನ ಕರೆಯಲ್ಲಿ, ಧ್ವನಿಸಂದೇಶದಲ್ಲಿ ಬಂದು ಅಳಿಸಿಹೋಗುತ್ತದೆ. ೨೦೨೨ರ ಮಾರ್ಚ್ ೧ರಂದು ಯುಕ್ರೇನಿನ ಖಾರ್ಕೀವ್ ನಗರದಲ್ಲಿ ನೆರೆಯ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆತನ ದೇಹವನ್ನು ತಂದೆತಾಯಿಗಳು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಿತ್ತರು. ನಮ್ಮ ಹಳ್ಳಿಗಳ ಮಕ್ಕಳು ಅಲ್ಲಿ ಹೇಗೆ ಇದ್ದಾರೆ, ಏನು ತಿನ್ನುತ್ತಾರೆ, ಯಾರ ಆಸರೆಯಲ್ಲಿದ್ದಾರೆ ಎಂದು ನಾಡು ಕೇಳತೊಡಗಿದ್ದು ಆ ದಿನಗಳಲ್ಲಿ. ಅನಾಹುತವಾದ ಮೇಲೆ ಕೇಳುವ ಪ್ರಶ್ನೆಯನ್ನು ಅದಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳುವುದು ಇತಿಹಾಸ ವಿಭಾಗಗಳ ಕರ್ತವ್ಯಗಳಲ್ಲೊಂದು.

ಆದುದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಸೂಚನೆಯನ್ನು ಮಂಡಿಸಬಯಸುತ್ತೇವೆ. ತಮ್ಮಲ್ಲಿ ಓದಿ ಪರದೇಶಕ್ಕೆ ಹೋದ ವಿದ್ಯಾರ್ಥಿಗಳಿಂದ, ಅವರ ಸಮ್ಮತಿ ಪಡೆದು, ಹೆಸರನ್ನು ಗೋಪ್ಯವಾಗಿರಿಸಿ, ಮೊದಲ ತಿಂಗಳ ಖರ್ಚಿನ ಪಟ್ಟಿ, ಬಾಡಿಗೆಯ ಕರಾರು, ಮನೆಗೆ ಕಳುಹಿಸಿದ ಮತ್ತು ಕಳುಹಿಸದೆ ಉಳಿಸಿಕೊಂಡ ಸಂದೇಶಗಳನ್ನು ಸಂಗ್ರಹಿಸಬಹುದು. ಹಳ್ಳಿಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಮೊದಲು ಬಂದು ವಿದ್ಯಾರ್ಥಿನಿಲಯ ಸೇರಿದ ದಿನಗಳ ವೃತ್ತಾಂತವನ್ನೂ ಅದರ ಜೊತೆಗೆ ಬರೆಸತಕ್ಕದ್ದು. ಎರಡೂ ಒಂದೇ ಯಾತ್ರೆಯ ಭಾಗಗಳೆಂದು ಮೇಲೆ ತೋರಿಸಿದ್ದೇವೆ. ಹೊರಡಲಿರುವ ವಿದ್ಯಾರ್ಥಿಗೆ ಆ ಕಡತ ಓದಲು ಸಿಕ್ಕಬೇಕು. ಛಗನಲಾಲರು ಇಪ್ಪತ್ತು ಪುಟಗಳನ್ನು ಪ್ರತಿಮಾಡಿಕೊಳ್ಳದೆ ಇದ್ದಿದ್ದರೆ ಆರು ಶಿಲಿಂಗಿನ ಆ ಬಾಡಿಗೆ ನಮಗೆ ತಿಳಿಯುತ್ತಿರಲಿಲ್ಲ. ಉಳಿದ ನೂರು ಪುಟಗಳು ಏನಾದವೆಂದು ವಿಷಾದಿಸುವ ನಾವು ನಮ್ಮ ಕಣ್ಣೆದುರಿನ ಪುಟಗಳನ್ನಾದರೂ ಕಾಪಾಡುವುದು ಯುಕ್ತ.